ಅಲ್ಲಾಡಬೇಡಿ ಮಾವನ ದ್ವೀಪ

ಪಾಸ್‌ಪೋರ್ಟ್ ಕಚೇರಿಯ ಕಿಟಕಿಯೊಳಗಿದ್ದ ಹುಡುಗಿ ಫೋಟೋ ನೋಡಿದಳು, ಮಾವನ ಮುಖ ನೋಡಿದಳು, ಮತ್ತೆ ಫೋಟೋ ನೋಡಿ ತುಟಿ ಕಚ್ಚಿಕೊಂಡಳು.

“ಸರ್, ಹಿಂದುಗಡೆ ಬರೀ ಬಿಳಿ ಇರ್ಬೇಕು. ನಿಮ್ಮ ಕಿವಿಯಿಂದ ತೆಂಗಿನಮರ ಬೆಳೆದಿದೆ.”

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದರು. ನಿಜ. ಎಡಗಿವಿಯ ಹಿಂದಿನಿಂದ ಓರೆಯಾಗಿ ಎದ್ದ ಮರವೊಂದು ತಲೆಯ ಮೇಲೆ ಗರಿ ಬಿಚ್ಚಿಕೊಂಡಿತ್ತು. ಭುಜದ ಹತ್ತಿರ ಒಂದಿಷ್ಟು ಸಮುದ್ರವೂ ಇತ್ತು.

“ಯಾವ ಸ್ಟುಡಿಯೋದವ್ರು ಸರ್ ಹೀಗೆ ತೆಗೆದಿದ್ದು?”

ನಲವತ್ತು ವರ್ಷ ಊರಿಗೆಲ್ಲ ಪಾಸ್‌ಪೋರ್ಟ್ ಫೋಟೋ ತೆಗೆದುಕೊಟ್ಟ ಮಾವ, “ಯಾರೋ ಒಬ್ಬ” ಎಂದರು. ಪಕ್ಕದಲ್ಲಿದ್ದ ಅತ್ತೆಗೆ ಕೆಮ್ಮು ಬಂತು. ಸಾಲಿನಲ್ಲಿ ಯಾರೋ, “ಹೋಗೋಕೆ ಮುಂಚೇನೇ ಹೋಗ್ಬಂದಿದ್ದಾರೆ ಯಜಮಾನ್ರು” ಎಂದದ್ದಕ್ಕೆ ಸಾಲೇ ನಕ್ಕಿತು. ನಾನೂ ನಕ್ಕೆ, ರಕ್ತಸಂಬಂಧ ಎಷ್ಟು ಹೊತ್ತು ತಾನೇ ತಡೆದೀತು?

ಹುಡುಗಿ ಮಾತ್ರ ನಗಲಿಲ್ಲ. “ಈ ಮರ ನಂಗೊತ್ತು ಸರ್. ನಮ್ಮಮ್ಮನ ಮದುವೆ ಹೊಸದ್ರ ಫೋಟೋದಲ್ಲಿದೆ. ಅಪ್ಪ ಬೆಲ್‌ಬಾಟಮ್ ಹಾಕ್ಕೊಂಡು ಒರಗಿ ನಿಂತಿದ್ದಾರೆ” ಎಂದಳು. ಎಂದವಳೇ ಫೋಟೋ ವಾಪಸ್ಸು ಕೊಟ್ಟಳು.

ಇವರು ನನ್ನ ಅಮ್ಮನ ತಮ್ಮ. ಊರಿಗೆ ‘ಅಲ್ಲಾಡಬೇಡಿ ಮಾವ’. ಕ್ಯಾಮೆರಾದ ಹಿಂದೆ ನಿಂತು ಜನಕ್ಕೆ ಅವರು ಹೇಳುತ್ತಿದ್ದ ಮಾತು ಅದೊಂದೇ. ತಾವೂ ಅದನ್ನು ಚಾಚೂ ತಪ್ಪದೆ ಪಾಲಿಸಿದವರು. ಊರು ಬಿಟ್ಟು ಅಲ್ಲಾಡಿದವರಲ್ಲ. ಸಂತೆಬೀದಿಯ ತಿರುವಿನಲ್ಲಿ, ಹೊಲಿಗೆ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಅವರ ಸ್ಟುಡಿಯೋ. ಒಳಗೆ ಹೋದರೆ ಎರಡು ದೊಡ್ಡ ದೀಪ, ದೀಪಗಳ ನಡುವೆ ದ್ವೀಪ. ಎದುರಿನ ಗೋಡೆಯ ತುಂಬ ಮಾವ ತಾವೇ ಬರೆದದ್ದು: ನೀಲಿ ನೀರು, ಹಳದಿ ಮರಳು, ದೂರದಲ್ಲಿ ಎತ್ತ ಹೋಗುತ್ತಿದೆಯೆಂದು ತಿಳಿಯದ ದೋಣಿ, ಎಡಕ್ಕೆ ಓರೆಯಾದ ಆ ತೆಂಗಿನಮರ.

ಮರವೆಂದರೆ ಅಂಥಿಂಥ ಮರವಲ್ಲ. ಉಳಿದದ್ದೆಲ್ಲ ಗೋಡೆಗೆ ಅಂಟಿಕೊಂಡಿದ್ದರೆ ಅದೊಂದು ಗೋಡೆ ಬಿಟ್ಟು ಎದ್ದು ಬಂದಿತ್ತು. ಕಾಂಡವನ್ನು ತಬ್ಬಿಕೊಳ್ಳಬಹುದಿತ್ತು. ಕಿವಿಯಿಟ್ಟರೆ ಒಳಗೆ ಸಮುದ್ರ ಕೇಳುತ್ತಿತ್ತು. ಚಿಕ್ಕವರಾಗಿದ್ದಾಗ ನಾವೆಲ್ಲ ಸರದಿಯ ಮೇಲೆ ಕಿವಿಯಿಟ್ಟವರೇ. ಬೆಳಗಿನ ಹೊತ್ತು ಅಲೆ ಜೋರು, ಮಧ್ಯಾಹ್ನ ಶಾಂತ. ಊರಿನ ಯಾವ ಮನೆಯ ಆಲ್ಬಮ್ ತೆರೆದರೂ ಈ ಮರದಡಿ ಒಂದು ಜೋಡಿ ಇರುತ್ತಿತ್ತು. ಸಮುದ್ರದ ಮುಖ ಕಾಣದವರೂ ಸಮುದ್ರದ ಮುಂದೆ ಮುಖ ಕಾಣಿಸಿದವರೇ.

ಅತ್ತೆ ಈ ಮನೆತನಕ್ಕೆ ಬಂದದ್ದೂ ಆ ಮರದ ದೆಸೆಯಿಂದ. ಅಕ್ಕತಂಗಿಯರ ಜೊತೆ ಫೋಟೋಗೆಂದು ಬಂದವರು, ಮಾವ “ಅಲ್ಲಾಡ್ಬೇಡಿ” ಎಂದಾಗ ಸರಿಯಾಗಿ ತಿರುಗಿ ಕಾಂಡಕ್ಕೆ ಕಿವಿಯಿಟ್ಟರಂತೆ. ಫೋಟೋ ಕೆಟ್ಟಿತು. ಮತ್ತೆ ಬರಬೇಕಾಯಿತು. ಮತ್ತೂ ಕೆಟ್ಟಿತು. “ಆಮೇಲಾಮೇಲೆ ಇವರೇ ಬೇಕಂತ ಕೆಡಿಸ್ತಿದ್ರು” ಎಂದು ಅತ್ತೆ. “ಫಿಲ್ಮ್ ಏನು ಪುಗಸಟ್ಟೆ ಬರ್ತಿತ್ತಾ?” ಎಂದು ಮಾವ. ಮದುವೆಯಾದ ಹೊಸದರಲ್ಲಿ ಮಾವ ಆ ಗೋಡೆ ತೋರಿಸಿ ಮಾತು ಕೊಟ್ಟರು: “ನಿಜವಾದದ್ದಕ್ಕೇ ಕರ್ಕೊಂಡು ಹೋಗ್ತೀನಿ.”

ಅಂದಿನಿಂದ ಹೊರದೇಶದ ಒಂದು ದ್ವೀಪಕ್ಕೆ ಹೋಗುವ ಯೋಜನೆ ನಡೆಯುತ್ತಲೇ ಇತ್ತು. ಸಂಜೆ ಬಾಗಿಲು ಎಳೆದ ಮೇಲೆ ಗಿರಾಕಿಗಳ ಎರಡು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಇಬ್ಬರೂ ಕೂರುತ್ತಿದ್ದರು. ಅತ್ತೆಗೆ ಸಮುದ್ರದ ಎದುರಿನ ಕೋಣೆಯೇ ಬೇಕು. ಮಾವನಿಗೆ ಬೇಡ: “ಬೆಳಕು ಎದುರಿಂದ ಬಿದ್ರೆ ನಿನ್ನ ಮುಖ ಕಪ್ಪಗೆ ಬರುತ್ತೆ.” “ನಾನು ಹೋಗೋದು ಸಮುದ್ರ ನೋಡಕ್ಕೆ, ನೀವು ನನ್ನ ನೋಡಕ್ಕಲ್ಲ!” ದೋಣಿಯಲ್ಲಿ ಯಾವ ಬದಿಗೆ ಕೂರುವುದು ಎಂಬುದಕ್ಕೆ ಒಮ್ಮೆ ಜಗಳ ಹತ್ತಿ, ಇಬ್ಬರೂ ಬೇರೆಬೇರೆ ದೋಣಿಯಲ್ಲಿ ಹೋಗುವುದೆಂದು ಇತ್ಯರ್ಥವಾಗಿತ್ತು. ಅತ್ತೆ ಅಗಲ ಅಂಚಿನ ಹತ್ತಿ ಟೋಪಿಯೊಂದನ್ನು ಹೊಲಿದಿಟ್ಟುಕೊಂಡಿದ್ದರು. ಟೋಪಿ ಬಿಸಿಲು ಕಾಣಲಿಲ್ಲ, ಬಣ್ಣ ಮಾತ್ರ ಬಿಟ್ಟಿತು.

ಕಾನ್ವೆಂಟಿನಲ್ಲಿ ನಮಗೆ ಐಲ್ಯಾಂಡ್ ಎಂದು ಬರೆಯುವಾಗ ನಡುವೆ ಎಸ್ ಹಾಕಬೇಕು, ಹೇಳುವಾಗ ನುಂಗಬೇಕು ಎಂದು ಕಲಿಸಿದ್ದರು. ಮಾವ ಎಲ್ಲವನ್ನೂ ಹೇಳುತ್ತಿದ್ದರು, ಹೋಗುವುದನ್ನು ಮಾತ್ರ ನುಂಗುತ್ತಿದ್ದರು. ಕಾರಣವೂ ಸುಳ್ಳಲ್ಲ. ಅಲ್ಲಿ ಬಿಸಿಲು ಚೆನ್ನಾಗಿರುವ ತಿಂಗಳುಗಳಲ್ಲಿ ಇಲ್ಲಿ ಮದುವೆಗಳು, ಶಾಲೆಗಳ ಗುಂಪು ಫೋಟೋಗಳು. ಇಲ್ಲಿ ಬಿಡುವಾಗುವ ಹೊತ್ತಿಗೆ ಅಲ್ಲಿ ಮಳೆ. ವರ್ಷವರ್ಷವೂ ಮಾವನ ಉತ್ತರ ನೆಗೆಟಿವ್. ಅದನ್ನು ತೊಳೆದು ಪಾಸಿಟಿವ್ ಮಾಡಿಕೊಳ್ಳುವುದು ಅತ್ತೆಯ ಕೆಲಸ. ಆಸೆ ತೀರಬೇಕಾದರೆ ತೀರಕ್ಕೆ ಹೋಗಬೇಕು. ಇವರು ಗೋಡೆಯ ತನಕ ಹೋಗಿ ಬರುತ್ತಿದ್ದರು.

ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಮದುವೆಗಳು ಮೊದಲಿನ ಹಾಗೇ ನಡೆದವು, ಮಾವನನ್ನು ಕರೆಯಲಿಲ್ಲ. ಬಿಡುವೇ ಬಿಡುವು. ಕಟ್ಟಡದವರು ಸ್ಟುಡಿಯೋ ಜಾಗವನ್ನು ಫೋನ್ ರಿಪೇರಿಯವರಿಗೆ ಕೊಟ್ಟಾಗಿದೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದರು. ಅದೇ ವಾರ ಡಾಕ್ಟರು ಅತ್ತೆಯ ಮಂಡಿ ನೋಡಿ, ಮರಳಲ್ಲಿ ನಡೆಯುವ ಆಸೆಯಿದ್ದರೆ ಈ ವರ್ಷವೇ ನಡೆದುಬಿಡಿ ಎಂದರು. ಅತ್ತೆ ಹಟ ಹಿಡಿದರು. ಪಾಸ್‌ಪೋರ್ಟಿಗೆ ಫೋಟೋ ತೆಗೆಯುವ ದಿನ ನೋಡಿದರೆ ಬಿಳಿ ಪರದೆಯನ್ನು ಮಾವ ಆಗಲೇ ಗುಜರಿಗೆ ಹಾಕಿದ್ದರು. ದ್ವೀಪದ ಮೇಲೆ ತೆಳು ಬೆಡ್‌ಶೀಟ್ ಇಳಿಬಿಟ್ಟು ಕೂತರು. ಅತ್ತೆ ಗುಂಡಿ ಒತ್ತಿದರು. ಶೀಟು ಯಾವಾಗಲೋ ಜಾರಿತ್ತು. ಪ್ರಿಂಟನ್ನು ಇಬ್ಬರೂ ನೋಡಿದರು, ಚೆನ್ನಾಗಿ ಬಂದಿದೆ ಎಂದರು. ಮರ ಇಬ್ಬರ ಕಣ್ಣಿಗೂ ಬೀಳಲಿಲ್ಲ. ಅಷ್ಟು ವರ್ಷ ದಿನವೂ ನೋಡಿದ್ದು ಇನ್ನೆಲ್ಲಿ ಕಂಡೀತು?

ಕಚೇರಿಯಿಂದ ವಾಪಸಾಗುವಾಗ ಬಸ್ಸಿನಲ್ಲಿ ಮಾವ, “ನೋಡೋಣ, ಮುಂದಿನ ತಿಂಗ್ಳು...” ಎಂದು ಶುರು ಮಾಡಿದರು.

“ಸಿಕ್ತಲ್ಲ ನೆಪ” ಎಂದರು ಅತ್ತೆ. “ನಿಮ್ಮ ನೋಡೋಣ ಕೇಳಿಕೇಳೀನೇ ನನ್ನ ಮಂಡಿ ಸವೆದಿದ್ದು. ಈ ವರ್ಷ ಆಗ್ಲಿಲ್ಲ ಅಂದ್ರೆ ಆ ಮಾತೇ ಎತ್ಬೇಡಿ. ಟೋಪಿನ ನೆಲ ಒರೆಸಕ್ಕೆ ಹಾಕ್ತೀನಿ.”

ಮಾವ ಕಿಟಕಿಯಾಚೆ ನೋಡುತ್ತ ಕೂತರು. ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ ದಪ್ಪ ಬೆಡ್‌ಶೀಟ್ ಹೊತ್ತುಕೊಂಡು ಅತ್ತೆಯ ಜೊತೆ ಬಂದೆ. ಸ್ಟುಡಿಯೋ ಬಾಗಿಲು ತೆರೆದಿತ್ತು. ಒಳಗೆ ಬನಿಯನ್ನಿನಲ್ಲಿ ಮಾವ, ಕೈಯಲ್ಲಿ ಅಗಲ ಬ್ರಷ್ಷು, ಕಾಲ ಬಳಿ ಬಿಳಿ ಬಣ್ಣದ ಬಕೆಟ್ಟು. ದೋಣಿ ಆಗಲೇ ಮುಳುಗಿತ್ತು. ಸಮುದ್ರ ಅರ್ಧ ಬತ್ತಿತ್ತು.

“ಅಯ್ಯೋ, ಏನ್ರೀ ಇದು! ದಪ್ಪ ಶೀಟ್ ತರ್ತೀನಿ ಅಂದಿದ್ನಲ್ಲ!”

“ಇದು ಕಣ್ಣಿಗೆ ಕಾಣ್ತಿರೋವರ್ಗೂ ನಾನು ಹೊರಡಲ್ಲ ಕಣೇ” ಎಂದರು ಮಾವ, ತಿರುಗದೆ. “ಇಲ್ಲೇ ಕೂತ್ರೆ ಹೋಗ್ಬಂದಂಗೆ ಆಗ್ಬಿಡುತ್ತೆ. ನಂಗೊತ್ತಿಲ್ವಾ ನನ್ನ ಬುದ್ಧಿ?”

 ಅತ್ತೆ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಬ್ರಷ್ಷು ಎತ್ತಿಕೊಂಡರು. ಮರಳನ್ನು ಅವರು ಬಳಿದರು. ಮರವನ್ನು ಇಬ್ಬರೂ ಕೊನೆಯವರೆಗೆ ಮುಟ್ಟಲಿಲ್ಲ. ಆಮೇಲೆ ಮಾವ ಬುಡದಿಂದ ಮೇಲಕ್ಕೆ ನಿಧಾನವಾಗಿ ಬ್ರಷ್ಷು ಎಳೆದರು. ಬಿಳಿ ಗೋಡೆಯ ಮೇಲೆ ಓರೆಯಾದ ಒಂದು ಉಬ್ಬು ಮಾತ್ರ ಉಳಿಯಿತು.

ಬಣ್ಣ ಒಣಗಬೇಕಿತ್ತು. ಅಭ್ಯಾಸಬಲದಿಂದ ಕುರ್ಚಿಗಳು ಗೋಡೆಯ ಕಡೆಗೇ ತಿರುಗಿದವು. ಫ್ಲಾಸ್ಕ್ ಬಂತು. ಇಬ್ಬರೂ ಆ ಬಿಳಿಯನ್ನು ನೋಡುತ್ತ ಚಹಾ ಕುಡಿದರು. ಉಬ್ಬಿನೊಳಗೆ ಬೆಳಗಿನ ಅಲೆ ಜೋರಾಗಿ ಬಂದು ಹೋಯಿತು. ಅತ್ತೆಯ ಕಣ್ಣು ತುಂಬಿತ್ತು.

“ರೀ, ಇಷ್ಟು ವರ್ಷದಲ್ಲಿ ಒಂದು ಮಾತು ಕೇಳೇ ಇಲ್ಲ ನಾನು. ಬೇರೆ ಸ್ಟುಡಿಯೋಗಳಲ್ಲೆಲ್ಲ ಅರಮನೆ, ಹೂದೋಟ, ಹಿಮದ ಬೆಟ್ಟ. ನೀವೊಬ್ರೇ ದ್ವೀಪ ಬರೆದ್ರಿ. ಆಗಿಂದಾನೇ ಅಷ್ಟು ಆಸೆ ಇತ್ತಾ ನಿಮಗೆ?”

ಮಾವ ಲೋಟ ಕೆಳಗಿಟ್ಟು ಉಬ್ಬಿನ ಕಡೆ ಗಲ್ಲ ತೋರಿಸಿದರು.

“ಆಸೆ ಎಲ್ಲಿ ಬಂತು ಕಣೇ. ಅದು ಮಹಡಿ ಮನೆಯವ್ರ ಬಚ್ಚಲ ಪೈಪು. ನೆಟ್ಟಗಿದ್ದಿದ್ರೆ ಅರಮನೆ ಕಂಬಾನೇ ಬರೀತಿದ್ದೆ. ಆ ಗಾರೆಯವನು ಸೊಟ್ಟಗೆ ಹಾಕ್ಬಿಟ್ಟಿದ್ದ. ಅಷ್ಟು ಸೊಟ್ಟಗೆ ಬೆಳೆಯೋದು ತೆಂಗಿನಮರ ಒಂದೇ.”