ಎದುರುಮನೆಯ ಕೊಂಡಿ

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿರುವ ನನ್ನ ಅಕ್ಕನ ಮಗಳು ಸುಮಾಳ ಮನೆಯಲ್ಲಿ ಆ ಭಾನುವಾರ ನಾವು ನಾಲ್ವರಿದ್ದೆವು. ಅವಳ ಗಂಡ ಮಂಜುನಾಥ ಗುಂಡಿಮಗ್ಗದೊಳಗೆ ಕಾಲು ಇಳಿಬಿಟ್ಟು, ನೇಯದೆ, ಸುಮ್ಮನೆ ಕೂತಿದ್ದ. ಅತ್ತೆ ತಿಪ್ಪಮ್ಮ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದರು. ಸುಮಾಳ ಮಡಿಲಲ್ಲಿ ಲ್ಯಾಪ್‌ಟಾಪು. ಚಳ್ಳಕೆರೆಯಿಂದ ಬಸ್ಸು ಹತ್ತಿ ಬಂದಿದ್ದ ನಾನು ತಜ್ಞ. ನಗಬೇಡಿ. ಹಿಂದೊಮ್ಮೆ ಮದುವೆಮನೆಯಲ್ಲಿ ಯಾರದೋ ಫೋನಿನ ಟಾರ್ಚು ಆರಿಸಿಕೊಟ್ಟಿದ್ದೆ. ‘ಮಾವನಿಗೆ ಕಂಪ್ಯೂಟರ್ ಗೊತ್ತು’ ಎಂಬ ಕೀರ್ತಿ ಅಂದಿನಿಂದ ಬೆನ್ನುಬಿಟ್ಟಿಲ್ಲ.

ಕರೆಸಿದ ಕಾರಣ ಮಾತ್ರ ನಗುವಂಥದ್ದಲ್ಲ. ಮನೆಯ ಸೀರೆಗಳಿಗಾಗಿ ಸುಮಾ ತಾನೇ ಒಂದು ವೆಬ್‌ಸೈಟು ಕಟ್ಟಿದ್ದಳು. ಎದುರುಮನೆಯ ರತ್ನಕ್ಕನಿಗೂ ಒಂದಿತ್ತು. ಮೊಳಕಾಲ್ಮೂರು ಸೀರೆ ಎಂದು ಹುಡುಕಿದರೆ ರತ್ನಕ್ಕ ಮೊದಲು ಬರುತ್ತಿದ್ದಳು. ಸುಮಾಳನ್ನು ಕಾಣಬೇಕಾದರೆ ಪುಟದ ಮೇಲೆ ಪುಟ ತಿರುವಬೇಕಿತ್ತು.

“ಈ ಹಾಸು ಮುಗಿದ್ರೆ ಇನ್ನೊಂದು ಹೂಡಲ್ಲ ಮಾವ,” ಎಂದ ಮಂಜುನಾಥ. “ಕುದಾಪುರದ ಕಡೆ ಕಾವಲು ಕೆಲ್ಸ ಐತೆ. ಬಾ ಅಂದವ್ರೆ.”

ಹಾಸೆಂದರೆ ಮಗ್ಗದ ಉದ್ದೆಳೆ. ಅದು ಮುಗಿಯುತ್ತ ಬಂದಿತ್ತು. ಸುಮಾ ತಲೆ ಎತ್ತಲಿಲ್ಲ.

ಹೆಣ್ಣು ಕೊಡುವಾಗ ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು: ಆ ಮನೆಯವರನ್ನು ಕೇಳಬೇಡಿ, ಅವರು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ, ಊರಲ್ಲಿ ಯಾರು ಯಾರು ಅವರ ಹೆಸರೆತ್ತುತ್ತಾರೆ ನೋಡಿ. ಅಂತರ್ಜಾಲವೂ ನಮ್ಮಜ್ಜಿಯ ದಾರಿಯನ್ನೇ ಹಿಡಿದಿದೆಯೆಂದು ನನಗೆ ಅನುಮಾನ. ನಿಮ್ಮ ಪುಟದಲ್ಲಿ ನೀವು ಏನೇ ಬರೆದುಕೊಳ್ಳಿ, ಬೇರೆಯವರು ತಮ್ಮ ಪುಟದಿಂದ ನಿಮ್ಮತ್ತ ಕೊಂಡಿ ಹಾಕಿ ‘ಅಲ್ಲಿಗೆ ಹೋಗಿ’ ಅಂದರೇನೇ ಮರ್ಯಾದೆ. ಒಂದು ಸೈಟಿಗೆ ಯಾರು ಯಾರು ಹೀಗೆ ದಾರಿ ತೋರಿಸಿದ್ದಾರೆ ಎಂದು ಹೇಳುವ ಜಾಲತಾಣಗಳೂ ಇವೆ. ನಮ್ಮದೇ ವಿಳಾಸ ಹಾಕಬೇಕೆಂದಿಲ್ಲ, ಎದುರಾಳಿಯದನ್ನೂ ಹಾಕಬಹುದು. ಗೊತ್ತಾದರೆ ನಾವೂ ಅವರ ಬಾಗಿಲಿಗೆ ಹೋಗಿ ‘ನಮ್ಮನ್ನೂ ನೋಡಿ’ ಎನ್ನಬಹುದಲ್ಲ.

ರತ್ನಕ್ಕನ ವಿಳಾಸ ಹಾಕುವಾಗ ನನಗೆ ನಾಚಿಕೆಯಾಯಿತು. ಎದುರುಮನೆಯ ಮುಂದೆ ಯಾರ ಚಪ್ಪಲಿ ಇದೆಯೆಂದು ಕಿಟಕಿಯಿಂದ ಇಣುಕಿದ ಹಾಗೆ. ಇಣುಕಿದೆ, ಅನ್ನಿ.

ಚಪ್ಪಲಿಗಳು ಕಂಡವು. ಕೈಮಗ್ಗದ ಬಗ್ಗೆ ಬರೆಯುವ ಒಬ್ಬ ಮೇಡಮ್ಮು. ಊರೂರು ಸುತ್ತುವ ಒಬ್ಬ ಪ್ರವಾಸಿ. ತನ್ನ ಮದುವೆಯ ಫೋಟೋ ಹಾಕಿಕೊಂಡ ಒಬ್ಬ ವಧು. ಇವರೆಲ್ಲರಿಗಿಂತ ಮೇಲೆ, ಅತಿ ಹೆಚ್ಚು ಕೊಂಡಿ ಕೊಟ್ಟವರೆಂದು, ಒಂದು ವಿಳಾಸ. ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.

“ಸುಮಾ, ಇದು ನಿನ್ನದೇ ಅಲ್ವೇನೇ?”

ಅವಳದೇ. ಸೈಟಿನ ಪ್ರತಿ ಪುಟದ ಅಡಿಯಲ್ಲೂ ಅವಳು ಬರೆದಿದ್ದಳು: ‘ಗೋಪುರದ ಅಂಚು ಬೇಕಾದವರು ಎದುರುಮನೆ ರತ್ನಕ್ಕನವರನ್ನು ಕೇಳಿ. ಅವರ ಕೈಯಲ್ಲೇ ಅದು ಚಂದ.’ ಪಕ್ಕದಲ್ಲೇ ಕೊಂಡಿ.

“ಅಲ್ಲಾ ಕಣೇ,” ಮಂಜುನಾಥ ಮಗ್ಗದಿಂದ ಎದ್ದೇಬಿಟ್ಟ. “ಬಂದ ಗಿರಾಕಿನ ನೀನೇ ಕೈ ಹಿಡ್ದು ಬೀದಿ ದಾಟಿಸ್ತಿದ್ದೀಯಲ್ಲೇ!”

“ನಾವು ಗೋಪುರದ ಅಂಚು ನೇಯಲ್ಲ. ಇಲ್ಲ ಅಂದು ಬಾಗ್ಲು ಹಾಕ್ಕೊಳ್ಳಕ್ಕಾಗ್ತೈತಾ?”

“ಊರ್ಕೋರಾ,” ಎಂದು ತಿಪ್ಪಮ್ಮ ತೆಲುಗಿನಲ್ಲಿ ಮಗನ ಬಾಯಿ ಮುಚ್ಚಿಸಿದರು. “ನಾನೇ ಕಲಿಸಿದ್ದು ಅವಳಿಗೆ. ನಮ್ಮತ್ರ ಇಲ್ದಿದ್ದನ್ನ ಕೇಳ್ದೋರ್ನ ಇರೋರ ಮನೆ ಬಾಗ್ಲಿಗೆ ಬಿಟ್ಟು ಬರ್ಬೇಕು. ಈ ಬೀದಿ ನಡ್ಕಂಡು ಬಂದಿದ್ದೇ ಹಂಗೆ.”

“ಬೀದಿ ಬೇರೆ, ಗೂಗಲ್ ಬೇರೆ ಕಣವ್ವಾ.”

“ನಂಗೇನು ಗೊತ್ತಪ್ಪ. ಗಿರಾಕಿ ಮನುಷ್ಯರೇ ತಾನೇ?”

ನನ್ನ ಬೆರಳು ಆಗಲೇ ಆ ಸಾಲಿನ ಮೇಲಿತ್ತು. “ಅಳಿಸಿಬಿಡ್ಲೇನಮ್ಮಾ?”

ಸುಮಾ ಗಂಡನನ್ನು ನೋಡಿದಳು, ಮುಗಿಯುತ್ತಿದ್ದ ಹಾಸನ್ನು ನೋಡಿದಳು. ಅವಳ ಕಣ್ಣು ತುಂಬಿತು. “ಬ್ಯಾಡ ಮಾವ. ಬೆಳಿಗ್ಗೆ ಎದ್ರೆ ರತ್ನಕ್ಕನ ಮುಖನೇ ನೋಡ್ಬೇಕು ನಾನು.”

“ಅವಳಿಗೆಲ್ಲಿ ಗೊತ್ತಾಗ್ತೈತೆ?” ಎಂದ ಮಂಜುನಾಥ.

“ನಂಗೆ ಗೊತ್ತಿರ್ತೈತಲ್ಲ.”

ತಜ್ಞ ಬೆರಳು ಹಿಂತೆಗೆದ. ಮೇಡಮ್ಮಿಗೂ ಪ್ರವಾಸಿಗೂ ನಮ್ಮ ಸೀರೆಯ ಚಿತ್ರ ಕಳಿಸಿ ವಿನಯದಿಂದ ಬರೆದೆವು. ಸಂಜೆಯವರೆಗೆ ಕಾದರೂ ಇಬ್ಬರೂ ಉತ್ತರಿಸಲಿಲ್ಲ. ಕೊನೆಗೆ, ಮಾವನಾದವನಿಗೆ ಎಂಥ ಬಿಗುಮಾನವೆಂದು ನಾನೇ ಬೀದಿ ದಾಟಿ, ನಿಮ್ಮ ಸೈಟಿನಲ್ಲಿ ನಮ್ಮ ಹುಡುಗಿಯದೂ ಒಂದು ಕೊಂಡಿ ಹಾಕ್ರಮ್ಮಾ ಎಂದೆ. ರತ್ನಕ್ಕ ಕಾಫಿ ಕೊಟ್ಟಳು. “ಅಯ್ಯೋ ಅಣ್ಣಾ, ಅದು ನಮ್ಮಳಿಯ ಮಾಡಿಟ್ಟಿದ್ದು. ಅದ್ರಾಗೆ ಏನೈತೆ, ಹೆಂಗೆ ತೆಗೀಬೇಕು, ಒಂದೂ ತಿಳೀದು ನಂಗೆ,” ಎಂದಳು. ಸುಮಾ ತನ್ನ ಬಗ್ಗೆ ಬರೆದದ್ದನ್ನೂ ಆಕೆ ಅಂದೇ ನನ್ನ ಬಾಯಿಂದ ಕೇಳಿದ್ದು. ಸೆರಗಿನಿಂದ ಮುಖ ಒರೆಸಿಕೊಂಡಳು, ಅಷ್ಟೆ. ನಾನು ಕಾಫಿ ಕುಡಿದು, ಸೋತ ರಾಯಭಾರಿಯಂತೆ ಚಳ್ಳಕೆರೆಯ ಬಸ್ಸು ಹತ್ತಿದೆ.

ಅಂತರ್ಜಾಲದ ಲೆಕ್ಕದಲ್ಲಿ ರತ್ನಕ್ಕನ ಕಡೆಯಿಂದ ಸುಮಾಳಿಗೆ ಇವತ್ತಿಗೂ ಒಂದು ಕೊಂಡಿಯೂ ಇಲ್ಲ. ನೋಡುತ್ತಲೇ ಇರುತ್ತೇನೆ.

ಶ್ರಾವಣ ಹುಟ್ಟಿದ ಮೇಲೆ ದಾವಣಗೆರೆಯಿಂದ ಒಂದು ಮದುವೆಯ ಮನೆಯವರು ಎದುರುಮನೆಗೆ ಬಂದರಂತೆ. ಮದುಮಗಳಿಗೆ ಗಿಳಿಗಳಿರುವ ಸೆರಗೇ ಬೇಕಿತ್ತು; ಅದು ಸುಮಾಳ ಮನೆಯ ನೇಯ್ಗೆ. ರತ್ನಕ್ಕ ಆ ಹುಡುಗಿಯ ಕೈ ಹಿಡಿದು ಬೀದಿ ದಾಟಿಸಿ, ಸುಮಾಳ ಮಗ್ಗದ ಮುಂದೆ ತಂದು ಕೂರಿಸಿದಳು. ಹುಡುಗಿ ತನಗೊಂದು, ಅಕ್ಕತಂಗಿಯರಿಗೆ ಒಂದೊಂದು ಸೀರೆ ಹೇಳಿ ಹೋದಳು. ಮಾರನೆಯ ಬೆಳಿಗ್ಗೆ ಮಂಜುನಾಥನೂ ತಿಪ್ಪಮ್ಮನೂ ಮಗ್ಗದ ಎರಡು ಬದಿಗೆ ಕೂತು, ಹಳೆಯ ಹಾಸಿನ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆಯತೊಡಗಿದರು.