ಹರಿಹರದ ಅತ್ತೆಗೆ ನಾನು ಬರೆದ ಕಾಯಿಲೆ

ಕಳೆದ ವಾರ ನಾನು ಒಬ್ಬ ಅತ್ತೆಯನ್ನು ಹಾಸಿಗೆ ಹಿಡಿಸಿಬಿಟ್ಟೆ. ಅದೂ ಇಂಗ್ಲಿಷಿನಲ್ಲಿ!

(ನನ್ನ ಅತ್ತೆಯನ್ನಲ್ಲ. ಅವರು ಆರಾಮಾಗಿದ್ದಾರೆ, ಈ ಅಂಕಣವನ್ನೂ ಓದುತ್ತಾರೆ.)

ನಮ್ಮ ಯಜಮಾನರು ಕೆಮಿಸ್ಟ್ರಿ ಪ್ರೊಫೆಸರ್. ನಮ್ಮ ಭಾಗದ ಕೆಮಿಸ್ಟ್ರಿಯವರದ್ದೇ ಒಂದು ಸಂಘವಿದೆ. ಕಾಲೇಜು ಮೇಷ್ಟ್ರುಗಳು, ಫ್ಯಾಕ್ಟರಿ ಲ್ಯಾಬಿನವರು, ನೀರು, ಮಣ್ಣು ಪರೀಕ್ಷೆ ಮಾಡುವವರು, ಎಲ್ಲ ಸದಸ್ಯರು. ಈ ಸಲ ಅಧ್ಯಕ್ಷ ಸ್ಥಾನಕ್ಕೆ ಇವರು ನಿಂತಿದ್ದಾರೆ. ಸಂಘ ಶುರುವಾದಾಗಿನಿಂದ ಒಂದು ಸಲವೂ ಚುನಾವಣೆ ನಡೆದಿಲ್ಲವಂತೆ. ಎಲ್ಲ ಅವಿರೋಧ ಆಯ್ಕೆ. "ನಾವು ವಿಜ್ಞಾನಿಗಳು, ರಾಜಕಾರಣಿಗಳಲ್ಲ" ಎಂದು ಇವರು ಹೇಳುವಾಗ ನನಗೂ ಹೆಮ್ಮೆಯೇ ಆಗುತ್ತಿತ್ತು.

ಶನಿವಾರ ಹುರುಳಿಕಾಯಿ ಸೋಸುತ್ತಾ ಕೂತಿದ್ದೆ. ಇವರು ಬಂದು ಪಕ್ಕದಲ್ಲಿ ಕೂತರು.

"ನಮ್ಮ ಸಂಘದ ಒಬ್ರು ಮೇಡಂ ನಾಮಪತ್ರ ವಾಪಸ್ ತಗೋತಾರೆ. ಅತ್ತೆಗೆ ಹುಷಾರಿಲ್ಲ. ನಿನ್ನ ಕಾನ್ವೆಂಟ್ ಇಂಗ್ಲಿಷ್‌ನಾಗ ಒಂದು ಲೆಟರ್ ಬರ್ಕೊಡು. ಹೆಸರಿನ ಜಾಗ ಖಾಲಿ ಬಿಡು, ಟೈಪ್ ಮಾಡುವಾಗ ಹಾಕ್ಕೋತೀನಿ."

ಪಾಪ, ಅನ್ನಿಸಿತು. ಮನೆಯಲ್ಲಿ ಕಾಯಿಲೆ, ಕೈಬಿಟ್ಟು ಹೋಗುವ ಅವಕಾಶ. ಕೈ ತೊಳೆದು ಬಂದು, ನಮ್ಮ ಶಾಲೆಯ ಸಿಸ್ಟರ್ ಕಲಿಸಿದಂತೆ ಮಾರ್ಜಿನ್ ಬಿಟ್ಟು ಬರೆದೆ. ‘ವಿತ್ ಎ ಹೆವಿ ಹಾರ್ಟ್’ ಎಂದೇ ಶುರು ಮಾಡಿದೆ. ಬರೆದು ಮುಗಿಸಿ ನಾನೇ ಎರಡು ಸಲ ಓದಿಕೊಂಡೆ ಅಂದರೆ ನೋಡಿ.

ಮರುದಿನ ಬೆಳಿಗ್ಗೆ ಇನ್ನೊಂದು ಕೆಲಸ. "ಹರಿಹರಕ್ಕೆ ಹೋಗಿ ಬರಾಣ, ಬಾ. ಒಬ್ರು ಲೇಡಿ ಸೈಂಟಿಸ್ಟ್‌ಗೆ ಸನ್ಮಾನ. ಹೆಣ್ಮಕ್ಕಳಿಗೆ ಶಾಲು ಹೊದಿಸೋಕೆ ಹೆಣ್ಮಕ್ಕಳೇ ಬೇಕಲ್ಲ?"

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆ ಮುಂದೆ ಕಾರು ಹತ್ತಿದಾಗ, ಮುಂದಿನ ಸೀಟಿನಲ್ಲಿ ಬಸವಲಿಂಗಪ್ಪ ಸರ್ ಇದ್ದರು. ಸಂಘದ ಹಿರಿಯರು, ನಿವೃತ್ತ ಪ್ರಾಂಶುಪಾಲರು, ಇವರಿಗೂ ಗುರುಗಳು. ನನ್ನ ತೊಡೆ ಮೇಲೆ ಸ್ಟೀಲಿನ ತಟ್ಟೆ. ಅದರಲ್ಲಿ ಸೇಬು, ಮೋಸಂಬಿ, ಶಾಲು. ಹಣ್ಣಿನ ಕೆಳಗೆ ಉದ್ದನೆಯ ಒಂದು ಕವರ್. ಅಭಿನಂದನಾ ಪತ್ರವಿರಬೇಕು ಅಂದುಕೊಂಡೆ. ನಿನ್ನೆಯ ಮೇಡಂ, ಇವತ್ತಿನ ಮೇಡಂ ಇಬ್ಬರೂ ಒಬ್ಬರೇ ಅಂತ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತಲ್ಲವಾ?

ಡಾಕ್ಟರ್ ನಸೀಮಾ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಬರ್ರಿ, ಕೂಡ್ರಿ." ಗುತ್ತೂರು ಕಡೆಯ ಒಂದು ಫ್ಯಾಕ್ಟರಿ ಲ್ಯಾಬಿನಲ್ಲಿ ಕೆಲಸ. ನಲವತ್ತು ದಾಟಿರಬಹುದು. ನನ್ನ ಕಣ್ಣು ಕಿಟಕಿಯ ಕಟ್ಟೆ ಮೇಲೆ ಹೋಯಿತು. ಅಲ್ಲಿ ಪುಟ್ಟ ಬಾಟಲಿಗಳ ಸಾಲು. ಒಂದೊಂದರ ಮೇಲೂ ಒಂದೊಂದು ಶಾಲೆಯ ಹೆಸರು ಬರೆದ ಚೀಟಿ.

"ಶಾಲೆ ಬೋರ್‌ವೆಲ್ ನೀರು, ಮೇಡಂ. ಹುಡುಗ್ರು ತಾವೇ ಟೆಸ್ಟ್ ಮಾಡಾದು ಕಲೀಲಿ ಅಂತ. ಸಂಘದಿಂದ ಇದನ್ನ ಊರೂರಿಗೆ ಒಯ್ಬೇಕು. ಅದಕ್ಕೇ ನಾನು ಅಧ್ಯಕ್ಷ ಸ್ಥಾನಕ್ಕೆ ನಿಂತಿರಾದು."

ನಿಂತಿರುವುದು? ಯಾರ ಎದುರು?

ಇವರ ಮುಖ ನೋಡಿದೆ. ಇವರು ಮೊಬೈಲಿನಲ್ಲಿ ಫೋಟೊ ತೆಗೆಯಲು ಜಾಗ ಹುಡುಕುತ್ತಿದ್ದರು.

ಶಾಲು ಹೊದಿಸಿದೆ. ಫೋಟೊ ಆಯಿತು. ಬಸವಲಿಂಗಪ್ಪ ಸರ್ ಕೆಮ್ಮಿ ಗಂಟಲು ಸರಿ ಮಾಡಿಕೊಂಡರು.

"ನೋಡವ್ವಾ ನಸೀಮಾ, ನೀನು ನನ್ನ ಸ್ಟೂಡೆಂಟು. ನಿನ್ನ ಯೋಗ್ಯತೆ ಬಗ್ಗೆ ಎರಡು ಮಾತಿಲ್ಲ. ಆದ್ರೆ ಎಲೆಕ್ಷನ್ ಅಂದ್ರೆ ಮನಸ್ಸು ಕೆಡ್ತಾವೆ. ನಮ್ಮ ಸಂಘದಾಗ ಆ ಪದ್ಧತಿನೇ ಬ್ಯಾಡ. ಮುಂದಿನ ಸಲ ನೀನೇ. ಒಂದು ಸೈನ್ ಹಾಕಿಬಿಡು, ಮುಗೀತು."

"ಹೋದ ಸಲಾನೂ ಮುಂದಿನ ಸಲ ಅಂದಿದ್ರಿ, ಸರ್."

ನಸೀಮಾ ಹಣ್ಣಿನ ಕೆಳಗಿದ್ದ ಕವರ್ ತೆಗೆದು, ಕನ್ನಡಕ ಏರಿಸಿ, ಜೋರಾಗಿ ಓದಿದರು. ‘ವಿತ್ ಎ ಹೆವಿ ಹಾರ್ಟ್...’

ನನ್ನ ಕಿವಿ ಬಿಸಿಯಾಯಿತು. ಅದು ನನ್ನ ವಾಕ್ಯ. ನಾನು ಎಲ್ಲಿ ಕಾಮಾ ಹಾಕಿದ್ದೆನೋ ಅಲ್ಲಿಯೇ ಅವರು ನಿಲ್ಲಿಸಿದರು. ಕೆಳಗೆ ಅವರ ಹೆಸರು, ದಿನಾಂಕ ಎಲ್ಲ ಟೈಪ್ ಆಗಿತ್ತು. ಸಹಿ ಒಂದೇ ಬಾಕಿ. ಆ ಸಹಿ ಬಿದ್ದರೆ ಬಾಟಲಿಗಳು ಕಿಟಕಿಯಲ್ಲೇ ಉಳಿದಂತೆ.

ಓದಿ ಮುಗಿಸಿ ಅಡುಗೆಮನೆ ಕಡೆ ಕೂಗಿದರು. "ಅಮ್ಮೀ, ನಿಮಗೆ ಹುಷಾರಿಲ್ಲಂತೆ!"

ಅವರ ಅತ್ತೆ ಜಾಲರಿ ಸೌಟು ಹಿಡಿದುಕೊಂಡೇ ಬಂದರು. ಬೆರಳಿಗೆಲ್ಲ ಕಡಲೆಹಿಟ್ಟು.

"ಯಾರಿಗೆ, ನಂಗಾ? ಯಾರ್ ಹೇಳಿದ್ದು?"

"ಇಲ್ಲಿ ಬರ್ದೈತೆ. ನೀವು ಹಾಸಿಗೆ ಬಿಟ್ಟು ಏಳಂಗಿಲ್ಲಂತೆ. ನಾನು ಹಗಲೂ ರಾತ್ರಿ ನಿಮ್ಮ ಪಕ್ಕನೇ ಇರಬೇಕಂತೆ."

"ತೌಬಾ ತೌಬಾ! ಇವ್ರು ಬರ್ತಾರೆ ಅಂತ ಬೆಳಿಗ್ಗೆಯಿಂದ ನಿಂತು ಮಿರ್ಚಿ ಕರೀತಿದೀನಿ. ಹಾಸಿಗೆ ಹಿಡಿದೋಳು ಮಿರ್ಚಿ ಕರೀತಾಳಾ, ಸಾಬ್?"

ಬಸವಲಿಂಗಪ್ಪ ಸರ್ ಮೇಲಕ್ಕೆ ಫ್ಯಾನ್ ನೋಡಿದರು. ಅದು ತಿರುಗುತ್ತಿರಲಿಲ್ಲ. ನಮ್ಮವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಇಂಗ್ಲಿಷ್ ಭಾಳ ಚಂದ ಐತೆ. ಯಾರ್ ಬರ್ದಿದ್ದು, ಸರ್?" ನಸೀಮಾ ಕೇಳಿದರು. "ನನಗೇ ಅಳು ಬರಂಗಾತು."

ಸುಮ್ಮನೆ ಇರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನೇ ಬರ್ದಿದ್ದು," ಅಂದೆ. "ನೀವೇ ಕೇಳಿದ್ದು ಅಂದ್ಕೊಂಡಿದ್ದೆ. ಸೈನ್ ಹಾಕಬ್ಯಾಡ್ರಿ."

ಮದುವೆಯಾಗಿ ಇಪ್ಪತ್ತಾರು ವರ್ಷ. ಇವರು ನನ್ನನ್ನು ಅಷ್ಟು ಹೊತ್ತು ಎವೆಯಿಕ್ಕದೆ ನೋಡಿದ್ದು ಅದೇ ಮೊದಲು.

ನಸೀಮಾ ಪತ್ರವನ್ನು ಮಡಚಿ ತಟ್ಟೆಯಲ್ಲಿಟ್ಟರು. "ಶಾಲು ಇಟ್ಕೋತೀನಿ ಸರ್, ಸನ್ಮಾನ ಅಂದ್ರಲ್ಲ. ಲೆಟರ್ ನೀವೇ ಒಯ್ಯಿರಿ." ಅತ್ತೆಯ ಚಿಂತೆಯೇ ಬೇರೆ. "ಮೊದ್ಲು ಮಿರ್ಚಿ ತಿನ್ರಿ, ಆರಿ ಹೋಗ್ತಾವೆ." ತಿಂದೆವು. ಯಾವ ಮುಖ ಹೊತ್ತು ತಿಂದೆವೋ ಕೇಳಬೇಡಿ.

ವಾಪಸ್ ಬರುವಾಗ ತಡೆಯಲಾಗಲಿಲ್ಲ. "ಸರ್, ಗಂಡಸರು ನಾಮಪತ್ರ ವಾಪಸ್ ತಗೊಂಡ್ರೆ ಯಾರಿಗೆ ಹುಷಾರಿಲ್ಲ ಅಂತ ಬರೀತೀರಿ?"

ಬಸವಲಿಂಗಪ್ಪ ಸರ್ ಮುಜುಗರವೇ ಇಲ್ಲದೆ ಹೇಳಿದರು: "ಗಂಡಸರಿಗೆ ‘ಕೆಲಸದ ಒತ್ತಡ’ ಅಂತ ಹಾಕ್ತೀವವ್ವಾ."

ನಿಜವಾದ ಶಾಕ್ ಆಗ ಆಯಿತು. ಹಾಕ್ತೀವಿ! ಅಂದರೆ ಇದು ಮೊದಲ ಪತ್ರವಲ್ಲ. ಸಂಘದ ಅಷ್ಟೂ ವರ್ಷದ ಅವಿರೋಧದ ಹಿಂದೆ ಇನ್ನೆಷ್ಟು ತಟ್ಟೆ, ಎಷ್ಟು ಮೋಸಂಬಿ, ಎಷ್ಟು ಕವರ್?

ಇವರು ಕೆಟ್ಟವರಲ್ಲ. ಮನೆಗೆ ಬರುವ ಹಾಲನ್ನು ಲ್ಯಾಕ್ಟೋಮೀಟರ್ ಇಟ್ಟು ನೋಡದೆ ಒಳಗೆ ಬಿಡದ ಮನುಷ್ಯ. ಒಂದೇ ಸಲದ ರೀಡಿಂಗ್ ನಂಬುವ ಹುಡುಗರನ್ನು ಬೈಯುವ ಮೇಷ್ಟ್ರು. ಅಂಥವರು ಕಣ್ಣಾರೆ ನೋಡಿರದ ಒಬ್ಬ ಹೆಂಗಸಿಗೆ ಹೇಗೆ ಕಾಯಿಲೆ ಬರೆಸಿದರು? "ಅತ್ತೆಗೆ ಹುಷಾರಿಲ್ಲ ಅಂದ್ರೆ ಯಾರೂ ಪ್ರಶ್ನೆ ಮಾಡಲ್ಲ," ಅಂದರು ಇವರು, ಮೆಲ್ಲಗೆ. ಹೌದು. ನಾನೇ ಮಾಡಿರಲಿಲ್ಲವಲ್ಲ.

ನನ್ನ ಕಥೆಯೂ ಅಷ್ಟೇ. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಮಹಿಳಾ ಮಂಡಳಿಗೆ ನಾನು ಅವಿರೋಧ ಕಾರ್ಯದರ್ಶಿಯಾದೆ. ಮೊಣಕಾಲು ನೋವೆಂದು ಹೆಸರು ವಾಪಸ್ ಪಡೆದ ಶಾಂತಕ್ಕ ಮರುವಾರವೇ ಮೂರನೇ ಮಹಡಿ ಹತ್ತಿ ಅರಿಶಿನ ಕುಂಕುಮಕ್ಕೆ ಬಂದಿದ್ದರು. ಏದುಸಿರೂ ಇರಲಿಲ್ಲ. ನೋಡಿದ್ದೆ. ಹಾರ ಹಾಕಿಸಿಕೊಂಡ ಕೊರಳು ಏನೂ ಕೇಳಲಿಲ್ಲ. ಈಗ ಶಾಂತಕ್ಕನಿಗೆ ಫೋನ್ ಮಾಡಬೇಕು ಅಂದುಕೊಂಡು ನಾಲ್ಕು ದಿನವಾಯಿತು.

ಅಂತೂ ಸಂಘಕ್ಕೆ ಚುನಾವಣೆ ಬಂತು. ಮುಂದಿನ ವಾರ ಮತಪತ್ರಗಳು ಅಂಚೆಯಲ್ಲಿ ಹೋಗುತ್ತವೆ. ಜೊತೆಯಲ್ಲಿ ಇಬ್ಬರು ಅಭ್ಯರ್ಥಿಗಳೂ ತಮ್ಮ ಬಗ್ಗೆ ಒಂದೊಂದು ಪುಟ ಬರೆದು ಕಳಿಸಬೇಕು. ಇವರು ಊಟದ ಟೇಬಲ್ಲಿಗೆ ಕೂತು ಬರೆಯುತ್ತಿದ್ದಾರೆ. ನಿನ್ನೆ ಮೊದಲ ಪ್ಯಾರಾ ನನ್ನ ಮುಂದೆ ಸರಿಸಿ, "ಇದರಾಗ ಸುಳ್ಳಿದ್ರೆ ಗೆರೆ ಹಾಕು," ಅಂದರು. ಹಾಕಿದೆ. ಎರಡು ಕಡೆ. ಎರಡನ್ನೂ ತಿದ್ದಿಕೊಂಡರು.

ಆದರೆ "ನೀನು ಮೆಂಬರ್ ಆಗಿದ್ರೆ ಯಾರಿಗೆ ಓಟು ಹಾಕ್ತಿದ್ದೆ?" ಎಂದು ಮಾತ್ರ ಇನ್ನೂ ಕೇಳಿಲ್ಲ. ಕೇಳಲು ಹೆದರಿಕೆಯೋ, ಉತ್ತರ ಆಗಲೇ ಗೊತ್ತೋ?