ಶೇಡಬಾಳದ ಜೀಪು ಗಟ್ಟಿಯಾಗಿತ್ತು

ಕಸ್ತೂರಿ, ಶೇಡಬಾಳದಲ್ಲಿ ನೀನು ಕೊಳ್ಳಬೇಕೆಂದಿದ್ದ ಆ ಹಳೆಯ ಜೀಪಿನ ಚಾಸಿ, ಅದರ ಅಡಿಯ ಚೌಕಟ್ಟು, ಮುರಿದಿರಲಿಲ್ಲ. ಅದಕ್ಕೆ ಯಾರೂ ವೆಲ್ಡಿಂಗ್ ಮಾಡಿರಲಿಲ್ಲ. ನಾನು ಸುಳ್ಳು ಹೇಳಿದೆ — ನಿನ್ನ ಒಡಹುಟ್ಟಿದ ಅಣ್ಣ, ನೀನು ಕಣ್ಣು ಮುಚ್ಚಿ ನಂಬುವ ಅಣ್ಣ, ಬೇಕೆಂದೇ ಸುಳ್ಳು ಹೇಳಿದೆ.

ತಿಳಿಯದೆ ಹೇಳಿದೆ ಎಂದು ಜಾರಿಕೊಳ್ಳಲು ನನಗೆ ದಾರಿಯಿಲ್ಲ. ಗಾಡಿ ನೋಡುವುದರಲ್ಲಿ ನಾನು ತಪ್ಪುವವನಲ್ಲ. ರಾಯಬಾಗದಿಂದ ಕಾಗವಾಡದವರೆಗೆ ಯಾರನ್ನು ಬೇಕಾದರೂ ಕೇಳು. ಮೊದಲ ಸಲ ಹಳೆಯ ಗಾಡಿ ಕೊಳ್ಳುವವರು ಬಣ್ಣಕ್ಕೆ, ಹೊಸ ಸೀಟ್ ಕವರಿಗೆ ಮರುಳಾಗುತ್ತಾರೆ. ಹೊರಗೆ ಥಳಕು, ಒಳಗೆ ಹುಳುಕು. ನಾನು ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ — ಬೆಚ್ಚಗಿದ್ದರೆ, ನಾವು ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿದ್ದಾರೆ ಎಂದೇ ಅರ್ಥ. ಆಮೇಲೆ ಕಾಲ ಕೆಳಗಿನ ಮ್ಯಾಟ್ ಎತ್ತಿ ಮೂಲೆಯಲ್ಲಿ ಬೆರಳಾಡಿಸುತ್ತೇನೆ. ಕೃಷ್ಣೆಯ ಪೂರದಲ್ಲಿ ಮುಳುಗೆದ್ದ ಗಾಡಿಯನ್ನು ಎಷ್ಟು ತೊಳೆದರೂ ಅಲ್ಲಿ ನುಣ್ಣನೆಯ ಹೊಳೆಮಣ್ಣು ಉಳಿದೇ ಇರುತ್ತದೆ. ಮಹಾರಾಷ್ಟ್ರದಲ್ಲಿ ನೋಂದಣಿಯಾದ ಗಾಡಿಯಾಗಿದ್ದರೆ ಅಲ್ಲಿನ ಎನ್‌ಒಸಿ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ ಎನ್ನುತ್ತೇನೆ. ಕೊನೆಗೆ ನೇಗಿಲು ಹೊಡೆದ ಹೊಲಕ್ಕೆ ಇಳಿಸಿ, ಫೋರ್ ಬೈ ಫೋರ್ ಹಾಕಿ, ನಾಲ್ಕೂ ಗಾಲಿ ಎಳೆಯುತ್ತವೆಯೇ ನೋಡುತ್ತೇನೆ. ಕೆಸರಿಗೆ ಬೇಕಾದ ಗಾಡಿಯನ್ನು ಡಾಂಬರು ರಸ್ತೆಯಲ್ಲಿ ಓಡಿಸಿ ನೋಡುವವನು ಶುದ್ಧ ದಡ್ಡ.

ಶೇಡಬಾಳದ ಜೀಪು ಇದೆಲ್ಲದರಲ್ಲಿಯೂ ಪಾಸಾಗಿತ್ತು. ಅಂಥ ಗಾಡಿ ಹುಡುಕಿದರೂ ಸಿಗುವುದಿಲ್ಲ.

ನಿನಗೆ ಅದು ಏಕೆ ಬೇಕಿತ್ತು ಎಂಬುದೂ ನನಗೆ ಗೊತ್ತಿತ್ತು. ಕೊಕಟನೂರಿನ ಆಚೆ, ರಸ್ತೆ ಬಿಟ್ಟು ಬಹಳ ಒಳಗೆ ನಿಮ್ಮ ತೋಟದ ಮನೆ. ಎರೆಮಣ್ಣಿನ ದಾರಿ, ಮಳೆ ಹಿಡಿಯಿತೆಂದರೆ ಬೈಕಿನ ಗಾಲಿಗೆ ಮಣ್ಣು ಮೆತ್ತಿಕೊಂಡು ಅದು ತಿರುಗುವುದೇ ಇಲ್ಲ. ಸುತ್ತಲಿನ ತೋಟದ ಮನೆಗಳ ವಸ್ತಿಯಲ್ಲಿದ್ದ ಶಾಲೆ ಐದನೆಯ ಇಯತ್ತೆಗೆ ಮುಗಿಯುತ್ತಿತ್ತು. ಅಕ್ಷತಾ ಮುಂದೆ ಅಥಣಿಯ ಶಾಲೆಗೆ ಹೋಗಬೇಕು, ಆದರೆ ಸಂಜೆಗೆ ಮನೆಗೆ ಬರಬೇಕು, ಒಬ್ಬಳೇ ಮಗಳು ಕಣ್ಣ ಮುಂದೆಯೇ ಬೆಳೆಯಬೇಕು — ನಿನಗಿದ್ದದ್ದು ಇದೊಂದೇ ಆಸೆ. ಅದಕ್ಕಾಗಿ ಎಮ್ಮೆ ಹಾಲಿನ ದುಡ್ಡು ಕೂಡಿಸಿದೆ. ಅದಕ್ಕಾಗಿಯೇ ನನ್ನ ಜೀಪಿನಲ್ಲಿ ಗಾಡಿ ಕಲಿತೆ. ಗೇರು ಹಾಕುವಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತೀ ಎಂದು ನಾನು ನಿನ್ನನ್ನು ಎಷ್ಟು ರೇಗಿಸಿದೆ! ಆದರೂ ಚೆನ್ನಾಗಿ ಕಲಿತೆ. ನಾನು ಕಲಿಸಿದ ಮೇಲೆ ಕಲಿಯದೆ ಇರುತ್ತಾರೆಯೇ?

ಅಂದು ಶೇಡಬಾಳದಲ್ಲಿ ನಾನು ಆ ಜೀಪಿನ ಕೆಳಗೆ ಅಂಗಾತ ಮಲಗಿ ಸ್ಪ್ಯಾನರಿನಿಂದ ಚಾಸಿಯನ್ನು ಬಡಿದು ನೋಡುತ್ತಿದ್ದೆ. ಗಣಗಣ ಎನ್ನುತ್ತಿತ್ತು. ಅಲ್ಲಿಂದ ನನಗೆ ನಿನ್ನ ಪಾದಗಳು, ಅವುಗಳ ಎದುರಿಗೆ ಮಾಲೀಕರ ಕೋಲು, ಇಷ್ಟೇ ಕಾಣುತ್ತಿದ್ದವು. ದ್ರಾಕ್ಷಿ ತೋಟದ ಹಿರಿಯರು. ಮೊಣಕಾಲು ಹಿಡಿದುಕೊಂಡದ್ದರಿಂದ ಗಾಡಿ ಹೊಡೆಯುವುದನ್ನು ಬಿಟ್ಟಿದ್ದರು. ನೀನು ಅವರಿಗೆ ನಗುನಗುತ್ತ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಇನ್ನ ಪಂಚಮಿಗಿ ಅಣ್ಣ ಕರಿಯಾಕ ಯಾವಾಗ ಬರತಾನ ಅಂತ ದಾರಿ ಕಾಯೂದ ಇಲ್ಲ ನೋಡ್ರಿ. ನನ್ನ ಗಾಡ್ಯಾಗ ನಾನ ತವರಿಗಿ ಹೋಗಾಕಿ."

ಅಷ್ಟೇ ಮಾತು. ನೀನು ಖುಷಿಯಲ್ಲಿ ಆಡಿದ್ದು. ನನಗೆ ಮಾತ್ರ — ಹೇಗೆ ಹೇಳಲಿ — ಎದೆಯ ಮೇಲೆ ಆ ಗಾಡಿಯೇ ಕುಳಿತಂತಾಯಿತು.

ಪ್ರತಿ ಶ್ರಾವಣದಲ್ಲಿ ನಾಗರಪಂಚಮಿಗೆ ನಿನ್ನನ್ನು ತವರಿಗೆ ಕರೆಯಲು ನಾನು ಕೆಸರು ಸೀಳಿಕೊಂಡು ಬರುತ್ತಿದ್ದೆನಲ್ಲ, ನನ್ನ ಜೀಪಿನ ಸದ್ದಿಗೆ ವಸ್ತಿಯ ಹೆಂಗಸರೆಲ್ಲ ಹೊರಗೆ ಬರುತ್ತಿದ್ದರು. "ಕಸ್ತೂರಿ ಅಣ್ಣ ಬಂದಾನ ನೋಡ್ರಿ, ಎಂಥಾ ರಾಡ್ಯಾಗನೂ ಬಿಡೂದಿಲ್ಲ" ಎನ್ನುತ್ತಿದ್ದರು. ನೀನು ಬಾಗಿಲಲ್ಲಿ ಹೊಸ ಸೀರೆ ಉಟ್ಟು ನಿಂತಿರುತ್ತಿದ್ದೆ. ವರ್ಷವಿಡೀ ನಾನು ಆ ಒಂದು ಗಳಿಗೆಯ ಜಂಬದಲ್ಲಿಯೇ ಓಡಾಡುತ್ತಿದ್ದೆ. ಗಾಡಿ ನೋಡಲು ನನ್ನನ್ನು ಕರೆಯುವವರು ನೂರು ಮಂದಿ. ನನಗಾಗಿ ಕಾಯುವವಳು ನೀನೊಬ್ಬಳೇ. ಅದು ತಪ್ಪಿಹೋಗುತ್ತದೆ ಎನ್ನಿಸಿತು. ಆಗ ನಿನ್ನ ಮಗಳ ನೆನಪೇ ನನಗೆ ಬರಲಿಲ್ಲ — ಇಲ್ಲ, ಇದೂ ಸುಳ್ಳು. ಬಂತು. ಅವಳನ್ನೇ ಆಯುಧ ಮಾಡಿಕೊಂಡೆ.

ಕೆಳಗಿನಿಂದ ಎದ್ದು ಬಂದು, ಕೈ ಒರೆಸಿಕೊಳ್ಳುತ್ತ ಹೇಳಿದೆ: "ಚಾಸಿ ಮುರದೈತಿ. ವೆಲ್ಡಿಂಗ್ ಮಾಡ್ಯಾರ. ಕೂಸಿನ್ನ ಕುಂದರಿಸಿಕೊಂಡು ಹೋಗೂ ಗಾಡಿ ಅಲ್ಲ ಇದು, ತಂಗಿ."

ಹಿರಿಯರು ದಂಗಾದರು. "ಎಲ್ಲಿ ವೆಲ್ಡಿಂಗ್ರಿ? ತೋರಸ್ರಿ."

"ತೋರಿಸಿದ್ರ ನಿಮ್ಮ ಮರ್ಯಾದಿ ಹೋಗತೈತ್ರಿ ಅಜ್ಜಾರ. ಬಿಡ್ರಿ."

ಅವರು ಬಗ್ಗಿ ನೋಡಲಾರರು ಎಂದು ನನಗೆ ಗೊತ್ತಿತ್ತು. ನೀನು ನೋಡುವುದಿಲ್ಲ ಎಂದೂ ಗೊತ್ತಿತ್ತು. ಅಣ್ಣ ನೋಡಿದ ಮೇಲೆ ನೀನೇಕೆ ನೋಡುತ್ತೀ? ಆ ಹಿರಿಯರು ನನ್ನನ್ನೊಮ್ಮೆ ದಿಟ್ಟಿಸಿ ನೋಡಿದರು. ನಾವು ಕೇಳುವ ಮೊದಲೇ ತರಿಸಿಟ್ಟಿದ್ದ ಚಹಾ ಮಾತ್ರ ಕುಡಿದು ಹೋಗಿರಿ ಎಂದರು, ನಾನು ಕುಡಿದೆ.

ಆಮೇಲೆ ಸುಳ್ಳು ಸಲೀಸಾಯಿತು. ನಿಪ್ಪಾಣಿಯಲ್ಲಿ ಒಂದು ಜೀಪು ತೋರಿಸಿದರು, ಕುಡಚಿಯಲ್ಲಿ ಒಂದು. ಎರಡರಲ್ಲಿಯೂ ಸಣ್ಣಪುಟ್ಟ ದೋಷಗಳಿದ್ದವು, ಅರ್ಧ ದಿನದಲ್ಲಿ ಸರಿಹೋಗುವಂಥವು. ನಾನು ಅವನ್ನೇ ದೊಡ್ಡದು ಮಾಡಿದೆ. "ನಿಮ್ಮಣ್ಣನ ಬ್ಯಾಡ ಅಂದ ಮ್ಯಾಲ ಮುಗೀತು" ಎಂದ ನಿನ್ನ ಗಂಡ. ನೀನು ಕೂಡಿಸಿಟ್ಟ ದುಡ್ಡು ಚಿಕ್ಕೋಡಿಯ ಹಾಸ್ಟೆಲಿಗೆ ಹೋಯಿತು.

ಅಲ್ಲಿ ಸೀಟು ಕೊಡಿಸಿದವನೂ ನಾನೇ. ಟ್ರಂಕು ಹೇರಿಕೊಂಡು ಅವಳನ್ನು ಬಿಟ್ಟುಬಂದದ್ದೂ ನನ್ನ ಜೀಪಿನಲ್ಲಿಯೇ. ದಾರಿಯುದ್ದಕ್ಕೂ ಆ ಮಗು ಅಳಲಿಲ್ಲ, ಹಾಸ್ಟೆಲಿನ ಗೇಟಿನ ಮುಂದೆ ನನ್ನ ಅಂಗಿಯ ತುದಿ ಹಿಡಿದುಕೊಂಡಿತು. "ಮಾಮಾ, ನಾ ಮುಂಜಾನೆ ಲಗೂನ ಎದ್ದು ನಡಕೋತ ಹೋಗತೀನ್ರಿ ಸಾಲಿಗಿ. ಅವ್ವಗ ಹೇಳ್ರಿ" ಎಂದಿತು. ನಾನು ಬೆರಳು ಬಿಡಿಸಿದೆ, ಕಸ್ತೂರಿ. ಒಂದೊಂದಾಗಿ ಬಿಡಿಸಿದೆ. ಈ ಮಾತನ್ನು ನಿನಗೆ ನಾನು ಮುಟ್ಟಿಸಲೇ ಇಲ್ಲ.

ನನ್ನನ್ನು ಹೆಚ್ಚು ಸುಟ್ಟದ್ದು ನಿನ್ನ ಹೊಗಳಿಕೆ. "ಅಣ್ಣ ಅವತ್ತ ನೋಡಿದ್ದಕ್ಕ ನನ್ನ ಮಗಳ ಜೀವ ಉಳೀತು" ಎಂದು ಬಂದವರಿಗೆಲ್ಲ ಹೇಳುತ್ತೀ. ಶೇಡಬಾಳದ ಆ ಜೀಪನ್ನು ಕಾಗವಾಡದ ಒಬ್ಬ ರೈತ ಕೊಂಡ. ಕಬ್ಬಿನ ಹಂಗಾಮಿನಲ್ಲಿ ಈಗಲೂ ಅದು ನನ್ನ ಎದುರಿಗೆ ಬರುತ್ತದೆ. ನಾನು ದಾರಿ ಬಿಟ್ಟು ನಿಲ್ಲುತ್ತೇನೆ.

ಈಗ ಅಕ್ಷತಾ ದನದ ಡಾಕ್ಟರ್. ಅಥಣಿ ತಾಲೂಕಿಗೇ ಪೋಸ್ಟಿಂಗ್ ಆಯಿತೆಂದು ನೀನು ಊರಿಗೆಲ್ಲ ಪೇಢೆ ಹಂಚಿದೆ. ಹೋದ ವಾರ ಅವಳು ನನ್ನ ಮನೆಗೆ ಬಂದಿದ್ದಳು.

"ಮಾಮಾ, ಒಂದು ಹಳೇ ಜೀಪ್ ತಗೋಬೇಕಂತ ಮಾಡೀನ್ರಿ. ನನಗೇನೂ ತಿಳಿಯೂದಿಲ್ಲ, ನೀವು ಹೂಂ ಅಂದ್ರಷ್ಟ ತಗೋತೀನಿ. ಕ್ವಾರ್ಟರ್ಸ್ ಬ್ಯಾಡ ನನಗ. ಮಳಿ ಇರಲಿ, ಏನರೆ ಇರಲಿ, ದಿನಾ ಅವ್ವನ ಕಡೆ ಬಂದು ಮಲಗಬೇಕು."

ಹೂಂ ಎನ್ನುವುದು ನನಗೆ ಸುಲಭವಿತ್ತು. ಒಳ್ಳೆಯ ಗಾಡಿ ಹುಡುಕಿ ಕೊಡಿಸಿ, ಹಳೆಯದನ್ನು ಅದರಡಿಗೆ ಹೂತುಬಿಡಬಹುದಿತ್ತು. ನಾನು ಅವಳಿಗೆ ಎಲ್ಲವನ್ನೂ ಹೇಳಿದೆ.

"ಅವ್ವಗ ಗೊತ್ತೈತೇನ್ರಿ?"

ಇಲ್ಲ ಎಂದೆ.

"ಹಂಗಾರ ನನಗ್ಯಾಕ ಮೊದಲ ಹೇಳಿದ್ರಿ? ನಾ ಹಾಸ್ಟೆಲ್‌ನ್ಯಾಗ ಅತ್ತು ಮಲಗತಿದ್ನಿ. ಆಕಿ ಮನ್ಯಾಗ ನಿದ್ದೀನ ಮಾಡತಿದ್ದಿಲ್ಲ." ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಗಾಡಿ ನಾ ಬ್ಯಾರೇದವರ ಕಡಿಂದ ನೋಡಸ್ತೀನ್ರಿ."

ಇಷ್ಟು ವರ್ಷದಲ್ಲಿ ನನಗೆ ಹಾಗೆಂದವರು ಅವಳೊಬ್ಬಳೇ. ಸರಿಯಾಗಿಯೇ ಅಂದಳು.

ನಾಳೆ ಮುಂಜಾನೆ ಬರುತ್ತೇನೆ, ಕಸ್ತೂರಿ. ಇದೆಲ್ಲವನ್ನೂ ನಿನ್ನ ಮುಖ ನೋಡಿಕೊಂಡೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಹೊಸ್ತಿಲ ಆಚೆ ನಿಲ್ಲಿಸಿದರೆ ಅಲ್ಲಿಯೇ ನಿಂತು ಹೇಳಿ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಮಗಳು ಶಾಲೆಯಿಂದ ಬಂದು ಒಲೆಯ ಮುಂದೆ ನಿನ್ನ ಪಕ್ಕ ಕುಳಿತು ಬಿಸಿ ರೊಟ್ಟಿ ತಿನ್ನಬೇಕಾಗಿದ್ದ ಆ ಸಂಜೆಗಳಲ್ಲಿ ಒಂದನ್ನೂ ನಾನು ನಿನಗೆ ಮರಳಿ ಕೊಡಲಾರೆ.